ಮಡುವಿನ ಮೀನು ಎಣಿಸಿದವಳು

ಕೊಪ್ಪದಿಂದ ತಂದ ಕುಕ್ಕರಿನ ಹೊಸ ರಬ್ಬರಿನ ವಾಸನೆ ಮೂಗಿಗೆ ಹೊಡೆದಾಗ ಅವಳ ನೆನಪಾಯಿತು. ನಮ್ಮ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಹುಡುಗಿ. ನೀರಿಗಿಳಿಯುವಾಗ ಹಾಕುವ ಅವಳ ಕಪ್ಪು ರಬ್ಬರ್ ಅಂಗಿ ನಮ್ಮ ಬಟ್ಟೆ ತಂತಿಯ ಮೇಲೆ ಒಣಗುತ್ತಿತ್ತು. ಇದೇ ವಾಸನೆ...

ಕುಂದಾಪುರದ ಕಡೆಯವಳು. ಮುಳುಗುವುದನ್ನು ಸಮುದ್ರದಲ್ಲೇ ಕಲಿತಿದ್ದಳು. ಇಲ್ಲಿ ಕಲಿಯಲು ಬಂದದ್ದು ನೀರಿನೊಳಗೆ ಲೆಕ್ಕ ತೆಗೆಯುವ ಕೆಲಸ. ನಮ್ಮ ಮನೆ ಕೆಳಗಿನ ತುಂಗೆಯ ಮಡುವಿನಲ್ಲಿ ಯಾರೂ ಮೀನು ಹಿಡಿಯುವುದಿಲ್ಲ, ಅವು ದೇವರ ಮೀನು. ತಳದಲ್ಲಿ ಟೇಪು ಹಾಸಿ, ಅದರ ಉದ್ದಕ್ಕೂ ಹೋಗುತ್ತಾ ಯಾವ ಮೀನು ಎಷ್ಟು ಎಂದು ಪ್ಲಾಸ್ಟಿಕ್ ಸ್ಲೇಟಿನ ಮೇಲೆ ಪೆನ್ಸಿಲಿನಲ್ಲಿ ಬರೆಯಬೇಕು. ನಾನು ಓದಿದ್ದು ಎರಡನೇ ಕ್ಲಾಸು. ನೀರಿನೊಳಗೆ ಬರೆಯಬಹುದೆಂದು ಕಣ್ಣಾರೆ ಸ್ಲೇಟು ನೋಡುವ ತನಕ ನಂಬಲಿಲ್ಲ.

“ಸಿಲಿಂಡರ್ ಹೊತ್ಕೊಂಡು ಎಲ್ಲಿಗೆ ಹೊರಟ್ಯೇ ಮಾರಾಯ್ತಿ?” ಎಂದು ಅವಳ ಬೆನ್ನಿನ ಗಾಳಿ ಸಿಲಿಂಡರ್ ನೋಡಿ ಕೇಳಿದರೆ, “ಮೀನಿನ ಮನೆಗೆ ಅಜ್ಜಿ, ಅವಕ್ಕೆ ಗ್ಯಾಸ್ ಖಾಲಿಯಂತೆ” ಎನ್ನುತ್ತಿದ್ದಳು.

ಕೊನೆಯ ದಿನ ಅವಳ ಮೇಷ್ಟ್ರು ಬಂದು ಜೊತೆಗೆ ಮುಳುಗುವವರಿದ್ದರು. ಇಬ್ಬರ ಲೆಕ್ಕ ತಾಳೆಯಾದರೆ ಪಾಸು, ಇಲ್ಲದಿದ್ದರೆ ಇನ್ನೊಂದು ವರ್ಷ ಅವಳಿಗೆ ಸ್ವಂತ ಕೆಲಸವಿಲ್ಲ. ಹಿಂದಿನ ದಿನ ಅವಳು ಸರಿಯಾಗಿ ಊಟವನ್ನೇ ಮಾಡಲಿಲ್ಲ. ನೋಡಲಾರದೆ, ಅವಳು ಪಾಸಾಗಲಿ ಎಂದು ನಾನು ಮೀನುಗಳಿಗೆ ಒಂದು ಸೇರು ಅಕ್ಕಿ ಹರಕೆ ಹೇಳಿಕೊಂಡೆ. ಕೆಲಸ ಆದ ಮೇಲೆ ತೀರಿಸುವುದು ಕ್ರಮ. ನನಗೆ ತಡೆಯಲಾಗಲಿಲ್ಲ. ಅವರು ಮುಳುಗಿದ ಹೊತ್ತಿಗೇ ಹೊಳೆಯ ಮೆಟ್ಟಿಲ ಮೇಲೆ ನಿಂತು ಅಷ್ಟನ್ನೂ ಸುರಿದೆ.

ಮಡುವಿನ ಮೀನೆಲ್ಲ ಅಲ್ಲಿಗೇ ನುಗ್ಗಿದವು. ನೀರು ಕುದಿದಂತಾಯಿತು. ಮೇಷ್ಟ್ರು ಮೇಲೆ ಬಂದು, ಮುಖದ ಕನ್ನಡಿ ತೆಗೆದು, ಅಕ್ಕಿ ಹಾಕಿದ್ದು ಯಾರು ಎಂದರು. ನಾನೇ ಎಂದೆ. ಅವರು ಅವಳ ಸ್ಲೇಟು ಕೇಳಿದರು.

ಹಿಂದಿನ ದಿನಗಳ ಲೆಕ್ಕ ಅವಳಿಗೆ ಬಾಯಿಪಾಠವಿತ್ತು. ಅದನ್ನೇ ಬರೆಯಬಹುದಿತ್ತು, ಬರೆದಿರಲಿಲ್ಲ. ಮೇಷ್ಟ್ರು ಗಟ್ಟಿಯಾಗಿ ಓದಿದರು: “ಅಕ್ಕಿ ಬೀಳುತ್ತಿದೆ. ಇವತ್ತಿನ ಲೆಕ್ಕ ಹಿಡಿಯಬೇಡಿ.”

ಸ್ಲೇಟನ್ನು ಅವಳ ಕೈಗೆ ವಾಪಸು ಕೊಟ್ಟು, ಸಾಕು, ಇನ್ನು ನೀನು ಒಬ್ಬಳೇ ಕೆಲಸ ಮಾಡಬಹುದು ಎಂದರು.

ಅವಳು ಕೂದಲು ಹಿಂಡುತ್ತಾ ನನ್ನ ಹತ್ತಿರ ಬಂದಳು. “ಹರಕೆ ಫಲಿಸ್ತಲ್ಲ ಅಜ್ಜಿ. ಇನ್ನು ನನ್ನ ಹೆಸರಲ್ಲಿ ಹೇಳ್ಕೋಬೇಡಿ.”

ಹೋದ ಮಳೆಗಾಲದಲ್ಲಿ ಅವಳು ತೀರಿಕೊಂಡಳು. ಡೆಂಗಿ ಜ್ವರ. ಮೇಷ್ಟ್ರೇ ಫೋನು ಮಾಡಿದ್ದರು... ಊರಿನಲ್ಲಿ ಯಾರಿಗೆ ಹೇಳಿದರೂ ಮೊದಲು ಕೇಳುವುದು, ಮುಳುಗಿ ಹೋದಳಾ ಎಂದು. ಮೊನ್ನೆ ಹಾಲಿನ ಡೈರಿಯಲ್ಲೂ ಒಬ್ಬಳು ಹಾಗೇ ಕೇಳಿದಳು. ಅಲ್ಲ, ಜ್ವರ ಎಂದೆ. ನೀರಿನಲ್ಲಿ ಅವಳು ಒಂದು ದಿನವೂ ತಪ್ಪಿದವಳಲ್ಲ.