ಸುಮಿತ್ರಕ್ಕನ ತಂಬೂರಿ ಧಾರವಾಡಕ್ಕೆ ಹೋದದ್ದು

ಆಟೋದಲ್ಲಿ ಕೂತ ಸುಮಿತ್ರಕ್ಕ ರಸ್ತೆಯಲ್ಲೊಂದು ಉಬ್ಬು ಕಂಡರೆ ಸಾಕು, ಎರಡೂ ಕೈ ಮುಂದೆ ಚಾಚಿ ಗಾಳಿಯಲ್ಲಿ ಏನನ್ನೋ ಎತ್ತಿ ಹಿಡಿಯುತ್ತಿದ್ದರು. ಉಬ್ಬು ದಾಟಿದ ಮೇಲೆ ಅದನ್ನು ಮೆಲ್ಲಗೆ ಇಳಿಸುತ್ತಿದ್ದರು. ತೊಡೆಯ ಮೇಲಿರುತ್ತಿದ್ದುದು ಬರೀ ಮೆಂತ್ಯಪಲ್ಲೆಯ ಚೀಲ. ಆದರೆ ತಂಬೂರಿಯನ್ನು ಅಪ್ಪಿಕೊಂಡೇ ಹೈದರಾಬಾದು ಸುತ್ತಿದ ಕೈಗಳಿಗೆ ಅದು ಹೇಗೆ ತಿಳಿಯಬೇಕು? ಆಟೋದವರು ಕನ್ನಡಿಯಲ್ಲಿ ನೋಡಿ ಗಾಬರಿಯಾಗುತ್ತಿದ್ದರು. ನಾನು ನಗು ತಡೆಯಲಾರದೆ ಹೊರಗೆ ಮುಖ ಮಾಡುತ್ತಿದ್ದೆ.

ಕಲಬುರಗಿ ಕಡೆಯ ಮನೆತನ, ಅಜ್ಜನ ಕಾಲಕ್ಕೇ ಹೈದರಾಬಾದಿಗೆ ಬಂದವರು. ಸುಮಿತ್ರಕ್ಕ ಮದುವೆಯಾಗಲಿಲ್ಲ. ನೀರಾವರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿ ನಿವೃತ್ತರಾಗಿ, ಬೇಗಂಪೇಟೆಯ ಎರಡು ಕೋಣೆಯ ಮನೆಯಲ್ಲಿ ಹಾಡು ಕಲಿಸುತ್ತಿದ್ದರು. ಹತ್ತಿರದ ಬ್ಯಾಂಕಿನಲ್ಲಿದ್ದ ನಾನು ಸಂಜೆ ಕೆಲಸ ಮುಗಿಸಿ ಅಲ್ಲಿಗೆ ಓಡುತ್ತಿದ್ದೆ. ತಂಬೂರಿ ಅವರ ಗುರುಗಳದು, ಮಿರಜಿನಲ್ಲಿ ಮಾಡಿಸಿದ್ದು. ನಿಲ್ಲಿಸಿದರೆ ನನ್ನ ಹುಬ್ಬಿಗೆ ಬರುತ್ತಿತ್ತು. ಅದನ್ನು ಅವರು 'ಅದು' ಎಂದದ್ದು ನಾನು ಕೇಳಿಲ್ಲ. ಒಮ್ಮೆ ಕಾರ್ಯಕ್ರಮಕ್ಕೆ ಹೊರಟಾಗ, ಈ ಸಾಮಾನನ್ನು ಡಿಕ್ಕಿಯಲ್ಲಿ ಹಾಕೋಣವೇ ಎಂದು ಬಾಯಿ ತಪ್ಪಿ ಕೇಳಿದೆ.

"ಸಾಮಾನು ಅನಬ್ಯಾಡ ತಂಗಿ," ಎಂದರು. "ಬುರುಡಿ ನೋಡು, ದಿನಾ ತುಂಬಿದ ಬಸುರಿ ಇದ್ದಂಗ ಅದಾಳ. ಬಸುರಿನ ಯಾರರ ಡಿಕ್ಕ್ಯಾಗ ಹಾಕ್ತಾರೇನು?"

ಮೆಟ್ರೋ ಸ್ಟೇಷನ್ನಿನಲ್ಲಿ ಕಾವಲಿನ ಹುಡುಗ ತಂಬೂರಿಯನ್ನು ತಪಾಸಣೆ ಯಂತ್ರದೊಳಗೆ ಮಲಗಿಸಿ ಎಂದಾಗಲೂ ಹೀಗೇ ಆಯಿತು. ಸುಮಿತ್ರಕ್ಕ ಅಲ್ಲೇ ಗವಸು ಸರಿಸಿ ನಾಲ್ಕೂ ತಂತಿ ಮೀಟಿ, "ಸುನೋ ಬೇಟಾ, ಇಸ್ಕೆ ಪೇಟ್ ಮೇ ಖಾಲಿ ಹವಾ ಹೈ," ಎಂದರು, ಹೊಟ್ಟೆಯಲ್ಲಿರುವುದು ಬರೀ ಗಾಳಿಯಂತೆ. ಹಿಂದೆ ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು. ಹುಡುಗ ಕೈಯಿಂದಲೇ ಮುಟ್ಟಿ ನೋಡಿ ಬಿಟ್ಟ.

ಆಮೇಲೆ ಅವರ ಬೆರಳಿನ ಗಂಟುಗಳು ಊದತೊಡಗಿದವು. ತಂತಿ ಮುಟ್ಟಿದರೆ ನೋವು. ಅದೇ ಹೊತ್ತಿಗೆ ನನಗೆ ಧಾರವಾಡಕ್ಕೆ ವರ್ಗವಾಯಿತು. ಹೇಳಲು ಹೋದರೆ ಅವರು ಚಹಾ ಸೋಸುತ್ತಲೇ ಅಂದರು: "ಒಬ್ಬಾಕೆನ ಹೋಗಬ್ಯಾಡ. ಆಕಿನ್ನೂ ಕರಕೊಂಡು ಹೋಗು. ದಿನಾ ಬೆರಳ ತಾಕಲಿಲ್ಲಂದ್ರ ಆಕಿ ಮೂಕಿ ಆಗ್ತಾಳ."

ನಾನು ಬೇಡವೆಂದು ಅತ್ತೆ. ಅವರು ಅಳಲಿಲ್ಲ. "ಒಡೀದಂಗ ಧಾರವಾಡ ಮುಟ್ಟಿದ್ರ ಸಾಕು," ಎಂದರಷ್ಟೆ. ಅವರಿಗಿದ್ದ ಆಸ್ತಿ ಅದೊಂದೇ. ಸೋರೆಬುರುಡೆ ಒಮ್ಮೆ ಬಿರಿದರೆ ಆ ನಾದ ಮತ್ತೆ ಬಾರದು. ತಾವೂ ಜೊತೆಗೆ ಬಂದು ಮುಟ್ಟಿಸುವುದಾಗಿ ಹಟ ಹಿಡಿದರು.

ಹೊರಡುವ ಮುಂಜಾನೆ ತಂತಿ ಸಡಿಲಿಸಿ, ಒಂದರ ಮೇಲೊಂದು ಕೌದಿ ಸುತ್ತಿ, ಮೇಲೆ ಗವಸು ಹಾಕಿ ಕಟ್ಟಿದ್ದರು. ಗಟ್ಟಿಯಾದ ವಸ್ತು ಯಾವುದೂ ಹತ್ತಿರ ಸುಳಿಯಬಾರದೆಂದು ಅಪ್ಪಣೆಯಾಯಿತು. ನನ್ನ ಬಳೆ ತೆಗೆಸಿದರು. ಕಾರಿನ ಡ್ರೈವರ್ ಯಾದಗಿರಿ ಎಂಬವನ ಕೈಯಲ್ಲಿದ್ದ ಸ್ಟೀಲಿನ ಕಡಗವನ್ನೂ ಬಿಚ್ಚಿಸಿದರು. ಹಿಂದಿನ ಸೀಟಿನಲ್ಲಿ ನಮ್ಮಿಬ್ಬರ ನಡುವೆ ಬುರುಡೆ ಕೂತಿತು, ಕುತ್ತಿಗೆ ಯಾದಗಿರಿಯ ಕಿವಿಯ ಪಕ್ಕಕ್ಕೆ ಹೋಯಿತು.

ಮಹಬೂಬ್‌ನಗರದವರೆಗೆ ಎಲ್ಲ ಸುಸೂತ್ರ. ಆಮೇಲೆ ರಸ್ತೆ ಕೆಟ್ಟಿತು. ಒಂದು ತಗ್ಗಿನಲ್ಲಿ ಕೌದಿಯೊಳಗಿಂದ 'ಟಕ್' ಎಂದಿತು.

"ಸಾವಕಾಶ ಹೊಡಿಯಪಾ!"

"ಮೆಲ್ಲಗನೇ ಪೋತುನ್ನ ಗದಮ್ಮಾ," ಎಂದ ಯಾದಗಿರಿ ತೆಲುಗಿನಲ್ಲಿ, ಮೆಲ್ಲಗೇ ಹೋಗುತ್ತಿದ್ದೇನೆಂದು. ಮತ್ತೆ ಟಕ್.

ಸುಮಿತ್ರಕ್ಕ ಮೊದಲು ಅವನನ್ನು ಬೈದರು, ಆಮೇಲೆ ರಸ್ತೆಯನ್ನು, ಆಮೇಲೆ ನನ್ನನ್ನು. ಕೊನೆಗೆ ಬೈಗುಳ ನಿಂತಿತು. ಅದರಿಂದಲೇ ನನಗೆ ಹೆದರಿಕೆಯಾಯಿತು. "ಒಡದಾಳ," ಎಂದರು ಮೆಲ್ಲಗೆ. "ಚೂರು ಒಳಗ ಬಿದ್ದು ಬಡಿಯಾಕತ್ತಾವ." ಕಣ್ಣು ತುಂಬಿತ್ತು.

ಮಖ್ತಲ್ ಹತ್ತಿರ ಚಹಾದಂಗಡಿಯೊಂದರ ಮುಂದೆ ಕಾರು ನಿಲ್ಲಿಸಿ, ಹಗ್ಗದ ಹೊರಸಿನ ಮೇಲೆ ತಂಬೂರಿಯನ್ನು ಮಲಗಿಸಿ, ಕೌದಿ ಬಿಚ್ಚುತ್ತಾ ಹೋದೆವು. ಅಂಗಡಿಯವನು ಸ್ಟೋವ್ ಸಣ್ಣ ಮಾಡಿ ಬಂದು ನಿಂತ. ಕೊನೆಯ ಕೌದಿಯ ಮಡಿಕೆಯಿಂದ ಉರುಳಿ ಬಂದದ್ದು ಒಂದು ತೆಂಗಿನಕಾಯಿ. ಅದರ ಹಿಂದೆ ಒಂದು ಹಿಡಿ ಅಕ್ಕಿ, ಅರಿಷಿಣದ ಕೊಂಬು, ಹಸಿರು ಕುಪ್ಪಸದ ಖಣ.

"ನೀವ ಇಟ್ಟಿರೇನ್ರಿ ಅಕ್ಕಾ?"

"ಮತ್ತ? ಮನಿ ಮಗಳು ಹೊಂಟಾಳ. ಉಡಿ ತುಂಬದ ಹೆಂಗ ಕಳಸಲಿ?" ಎಂದರು. ಸ್ವಲ್ಪ ತಡೆದು, "ಕಾಯಿ ಗಟ್ಟಿ ಇರ್ತದ ಅನ್ನೂದು ಮರತೇ ಹೋತು ನೋಡು," ಎಂದರು.

ಯಾದಗಿರಿ ತನ್ನ ಬರಿಗೈ ಎತ್ತಿ ತೋರಿಸಿದ. ಎಲ್ಲರಿಗಿಂತ ಜೋರಾಗಿ ನಕ್ಕವರು ಸುಮಿತ್ರಕ್ಕನೇ. ಬುರುಡೆಗೆ ಕಿವಿಯಿಟ್ಟು, ಬೆರಳಿನಿಂದ ತಟ್ಟಿ, ಸುತ್ತಲೂ ಸವರಿ ನೋಡಿದರು. ಬಣ್ಣ ಒಂದಿಷ್ಟು ತರಚಿತ್ತು, ಬಿರುಕಿರಲಿಲ್ಲ. ಕಾಯಿಯನ್ನು ಚಹಾದಂಗಡಿಯಲ್ಲೇ ಬಿಡೋಣವೆಂದರೆ ಒಪ್ಪಲಿಲ್ಲ. ಉಡಿಯ ಸಾಮಾನು ದಾರಿಯಲ್ಲಿ ಬಿಡಬಾರದಂತೆ. ಎಲ್ಲವನ್ನೂ ತಮ್ಮ ಸೆರಗಿಗೆ ಕಟ್ಟಿಕೊಂಡರು.

"ನನಗಂತೂ ಯಾರೂ ಉಡಿ ತುಂಬಿ ಕಳಸಲಿಲ್ಲ. ಈಕಿ ಉಡಿನರ ಹೊತಗೊಂಡು ಹೋಗ್ತೀನಿ," ಎಂದು ಮತ್ತೆ ನಕ್ಕರು. ನನಗೆ ಆಗ ನಗಲಾಗಲಿಲ್ಲ.

ಧಾರವಾಡದಲ್ಲಿ ತಂಬೂರಿಗೆ ಬಿಸಿಲು ತಾಗದ ಮೂಲೆ ಹುಡುಕಿ, ನೋವು ನುಂಗಿಕೊಂಡು ತಾವೇ ಶ್ರುತಿ ಮಾಡಿ, ಮರುದಿನ ರೈಲು ಹತ್ತಿದರು. ಅಂದಿನಿಂದ ಪ್ರತಿ ರವಿವಾರ ಫೋನ್.

"ಹೆಂಗದಾಳ?"

"ಆರಾಮ ಅದೀನ್ರಿ ಅಕ್ಕಾ," ಎಂದು ನಾನು ಬೇಕೆಂತಲೇ ಅನ್ನುತ್ತಿದ್ದೆ.

"ನಿನ್ನ ಯಾರ ಕೇಳಿದ್ರು? ಆಕೀದ ಹೇಳು."

ಆಕೆಗೆ ಮಳೆಗಾಲದ ಥಂಡಿ ತಾಗಿತೇ, ಕೆಲಸದವಳು ಕಸಬರಿಗೆ ತಾಗಿಸಿದಳೇ, ಎಲ್ಲ ವಿಚಾರಣೆ. ನಾನು ಜ್ವರದಲ್ಲಿ ಮಲಗಿದ್ದ ವಾರವೂ ಕೇಳಿದ್ದು ಆಕೆಯನ್ನೇ. ನಗು ಬರುತ್ತಿತ್ತು, ಸಣ್ಣಗೆ ಹೊಟ್ಟೆಕಿಚ್ಚೂ ಆಗುತ್ತಿತ್ತು. ಒಮ್ಮೆಯಾದರೂ ನನ್ನನ್ನು ಮೊದಲು ಕೇಳಬಾರದೇ ಎನಿಸುತ್ತಿತ್ತು.

ಹೋದ ಚಳಿಗಾಲದ ಒಂದು ರವಿವಾರ ಫೋನ್ ತಡವಾಗಿ ಬಂತು. ದನಿ ಇಳಿದಿತ್ತು. "ಆರಾಮ ಅದಾಳ್ರಿ, ಈಗಷ್ಟ ಶ್ರುತಿ ಮಾಡೀನಿ," ಎಂದು ನಾನೇ ಶುರುಮಾಡಿದೆ.

"ಆಕೀದ ಇರಲಿ ಬಿಡು," ಎಂದರು. "ನೀ ಹೆಂಗದೀ ತಂಗಿ?"

ಅಷ್ಟು ದಿನ ಬಯಸಿದ್ದ ಪ್ರಶ್ನೆ. ಕೇಳಿದೊಡನೆ ಚೀಲಕ್ಕೆ ಬಟ್ಟೆ ತುಂಬಿದೆ. ಅಂದೇ ರೈಲು ಹತ್ತಿದೆ. ನಾನು ಮುಟ್ಟುವವರೆಗೆ ಸುಮಿತ್ರಕ್ಕನ ಜೀವ ಕಾಯಲಿಲ್ಲ.