ಡಾಕ್ಟರಬಾಯಿ ತೋರಿಸಿದ ಎಡಗಡೆ

ಡಾಕ್ಟರ್ ಸಕೀನಾಬಾಯಿಯವರ ಮುಂದಿನ ಎರಡು ಹಲ್ಲು ಮುರಿದದ್ದು ನನ್ನ ಗಂಡನ ಮುಷ್ಟಿಯಿಂದ. ಹಲ್ಲು ಕಟ್ಟಿಸಿಕೊಳ್ಳಿ ಎಂದು ಎಷ್ಟು ಜನ ಹೇಳಿದರೂ ಅವರು ಕೇಳಲಿಲ್ಲ. ಆ ಸಂದಿಯನ್ನು ಕಾಣಿಸುತ್ತಲೇ ಬಾಯ್ತುಂಬ ನಗುತ್ತಿದ್ದರು. ನೋಡಿದಾಗಲೆಲ್ಲ ನನಗೆ ನೆಲ ಬಾಯಿ ಬಿಡಬಾರದೇ ಎನಿಸುತ್ತಿತ್ತು.

ಚಿತ್ತಾಪುರದ ಹೆಣ್ಣುಮಗಳು. ಹೈದರಾಬಾದಿನಲ್ಲಿ ಓದಿ, ಮಿದುಳು ಹೇಗೆ ನೋಡುತ್ತದೆ, ನೋಡಿದ್ದನ್ನು ಹೇಗೆ ಅರಿಯುತ್ತದೆ ಎಂದು ಸಂಶೋಧನೆ ಮಾಡುತ್ತಿದ್ದರು. ಎಪ್ಪತ್ತರ ದಶಕದಲ್ಲಿ, ತಲೆಗೆ ಪೆಟ್ಟು ತಿಂದವರನ್ನು ಹುಡುಕಿಕೊಂಡು ತಿಂಗಳಿಗೊಮ್ಮೆ ಶಹಾಬಾದಿಗೆ ಬರುತ್ತಿದ್ದರು. ಕಲ್ಲುಖಣಿಗಳ ಊರಲ್ಲಿ ಅಂಥವರಿಗೇನು ಬರ! ಯಂತ್ರಗಿಂತ್ರ ಏನಿಲ್ಲ, ಒಂದು ತುಂಡು ಸೀಮೆಸುಣ್ಣ, ಕಂಕುಳಲ್ಲೊಂದು ನೀಲಿ ನೋಟುಬುಕ್ಕು. ಯಾರ ಮನೆಗೆ ಹೋದರೂ ಹಾಸುಗಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು ಗೆರೆ ಎಳೆಯುವುದೇ. "ಕಣ್ಣು ಬರೇ ಕಿಡಕಿ. ನೋಡಾಂವ ಒಳಗ ಕುಂತಾನ" ಎನ್ನುತ್ತಿದ್ದರು.

ನನ್ನ ಗಂಡ ಖಣಿಯಲ್ಲಿ ಆಳುಗಳ ಮೇಲಿನ ಮುಕಾದಮ. ನಾನು ಕನ್ನಡ ಶಾಲೆಯ ಮಾಸ್ತರಿಣಿ. ಬಂಡೆಗೆ ಮದ್ದಿಟ್ಟು ಸಿಡಿಸುವಾಗ ಹಾರಿದ ಚಕ್ಕೆ ಅವನ ತಲೆಯ ಬಲಹಿಂಬದಿಯನ್ನು ಒಡೆಯಿತು. ಜೀವ ಉಳಿಯಿತು. ಆಮೇಲೆ ಗಂಗಾಳದ ಬಲಕ್ಕಿದ್ದ ರೊಟ್ಟಿಯನ್ನಷ್ಟೇ ತಿಂದು, ಪಲ್ಯ ಹಾಕಿಲ್ಲವೆಂದು ಅದೇ ಗಂಗಾಳದಿಂದ ನನ್ನನ್ನು ಹೊಡೆಯತೊಡಗಿದ. ಪಲ್ಯ ಎಡಕ್ಕೇ ಇರುತ್ತಿತ್ತು.

ಡಾಕ್ಟರಬಾಯಿ ನೆಲದ ಮೇಲೊಂದು ಮಾರುದ್ದ ಗೆರೆ ಎಳೆದು, ನಡುವೆ ಗುರುತು ಹಾಕೆಂದರು. ಅವನು ಬಲತುದಿಯ ಹತ್ತಿರ ಹಾಕಿದ. ಅವನ ಕಣ್ಣು ಸರಿಯಿದೆ, ಮಿದುಳಿನಲ್ಲಿ ಎಡಗಡೆ ಎಂಬುದೇ ಅಳಿಸಿಹೋಗಿದೆ ಎಂದು ನನಗೆ ತಿಳಿಸಿ ಹೇಳಿದರು. ಊಟದ ನಡುವೆ ಗಂಗಾಳ ತಿರುಗಿಸಲು ಕಲಿಸಿದರು. ಹೊರಡುವಾಗ ನನ್ನ ಬಾತ ಮೋರೆ ನೋಡಿ ಮೆಲ್ಲಗೆ ಅಂದರು: "ಬಡೀಲಿಕ್ಕ ಬಂದ್ರ ಎಡಕ್ಕ ಸರದು ನಿಂದ್ರು. ಉಸಿರು ಹಿಡಿ."

ಅಂದಿನಿಂದ ನನ್ನ ಸಂಸಾರ ಅವನ ಎಡಗಡೆಗೆ ಸರಿಯಿತು. ಬೆಲ್ಟು ಬಿಚ್ಚಿ ಹಿಡಿದು, ಬಾಯಿಗೆ ಬಂದಂತೆ ಬೈಯುತ್ತ ಅವನು ನನ್ನನ್ನು ಹುಡುಕುತ್ತಿದ್ದ. ನಾನು ಮೊಳದಂತರದಲ್ಲಿ ಗೋಡೆಗಂಟಿ ನಿಂತಿರುತ್ತಿದ್ದೆ. ಬೆಲ್ಟಿನ ಗಾಳಿ ಕೆನ್ನೆಗೆ ತಾಗುತ್ತಿತ್ತು. ಏಟು ತಪ್ಪಿತು, ನಿಜ. ಆದರೆ ನನ್ನ ಮನೆಯಲ್ಲಿ ನಾನೇ ಇಲ್ಲದವಳಾದೆ.

ತಲೆಗೆ ಪೆಟ್ಟು ಬೀಳುವ ಮೊದಲು ಅವನು ಹೇಗಿದ್ದ ಎಂದು ಡಾಕ್ಟರಬಾಯಿ ಮೊದಲ ದಿನವೇ ಕೇಳಿದ್ದರು. ಅತ್ತೆ ಪಕ್ಕದಲ್ಲೇ ಕೂತಿದ್ದರು. ದೇವರಂಥ ಮನುಷ್ಯ, ಎಲ್ಲ ಆ ಕಲ್ಲಿನಿಂದಲೇ ಎಂದೆ. ಅತ್ತೆಯ ಹೆದರಿಕೆ ಒಂದಾದರೆ, ಅದು ನಿಜವಾಗಲಿ ಎಂಬ ನನ್ನ ಆಸೆ ಇನ್ನೊಂದು. ಶಾಂತ ಮನುಷ್ಯನನ್ನು ಪೆಟ್ಟು ಕ್ರೂರಿ ಮಾಡಿತೆಂದು ಅವರು ಬರೆದುಕೊಂಡರು. ಹತ್ತು ತಿಂಗಳು ಅದರ ಮೇಲೆಯೇ ಪುಟ ತುಂಬಿಸಿದರು.

ಹತ್ತನೆಯ ತಿಂಗಳು ಗೆರೆ ಎಳೆಯುತ್ತಿದ್ದಾಗ, ಈ ಹೆಂಗಸು ತನ್ನನ್ನು ಹುಚ್ಚನೆಂದು ಸಾಬೀತು ಮಾಡುತ್ತಿದ್ದಾಳೆಂದು ಅವನಿಗೆ ರೇಗಿತು. ಡಾಕ್ಟರಬಾಯಿ ರೋಗಿಗೆ ಕಾಣಲೆಂದು ಯಾವಾಗಲೂ ಬಲಕ್ಕೇ ಕೂರುವವರು. ಮುಷ್ಟಿ ಸೀದಾ ಬಾಯಿಗೆ ಬಿತ್ತು. ಕೆಡವಿ, ಕೂದಲು ಹಿಡಿದು ಹಾಸುಗಲ್ಲಿಗೆ ಬಡಿದ. ಸೀಮೆಸುಣ್ಣದ ಗೆರೆಯ ಮೇಲೆ ರಕ್ತ ಹರಿಯಿತು. ನಾನು ಎಡಕ್ಕೆ ಉಸಿರು ಹಿಡಿದು ನಿಂತಿದ್ದೆ. ಎರಡನೆಯ ಸಲ ಬಡಿಯುವವರೆಗೂ ನಿಂತೇ ಇದ್ದೆ. ಆ ಹೊತ್ತಿಗಾಗಿ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಆಮೇಲೆ ಬಲಕ್ಕೆ ದಾಟಿ, ರೊಟ್ಟಿಯ ಹಂಚೆತ್ತಿ ಅವನ ಮೊಣಕೈಗೆ ಹೊಡೆದೆ. ಮೂಳೆ ಲಟಕ್ಕೆಂದಿತು.

ಬಚ್ಚಲಲ್ಲಿ ಅವರ ಬಾಯಿ ತೊಳೆಯುತ್ತ ನಿಜ ಹೇಳಿದೆ. ಮದುವೆಯಾದ ಎಂಟನೆಯ ದಿನ, ಬೇಳೆಗೆ ಉಪ್ಪು ಹೆಚ್ಚಾಯಿತೆಂದು ನನ್ನ ಕಿವಿಯಿಂದ ರಕ್ತ ಬರುವಂತೆ ಹೊಡೆದಿದ್ದ. ಆಗ ಅವನ ತಲೆಗೆ ಯಾವ ಕಲ್ಲೂ ಬಿದ್ದಿರಲಿಲ್ಲ.

ಅವರು ರಕ್ತ ಉಗುಳಿ ನೋಟುಬುಕ್ಕು ತರಿಸಿಕೊಂಡರು. ಒಂದೊಂದೇ ಪುಟಕ್ಕೆ ಅಡ್ಡಗೆರೆ ಎಳೆದರು.

"ಹತ್ತು ತಿಂಗಳ ಕೆಲಸರಿ ಡಾಕ್ಟರಬಾಯಿ," ಎಂದೆ.

"ಹೋಗ್ಲಿ. ಅವನ ಎಡಗಡಿ ಒಯ್ದದ್ದು ಕಲ್ಲು, ಖರೆ. ಕೈ ಮಾತ್ರ ಅವಂದೇ," ಎಂದರು.

ಆ ಮಾತು ಹಿಡಿದುಕೊಂಡೇ ನಾನು ಸೇಡಂ ಶಾಲೆಗೆ ವರ್ಗ ಕೇಳಿದೆ. ಟ್ರಂಕು ಎತ್ತಿಕೊಂಡು ಅವನ ಬಲಗಡೆಯಿಂದಲೇ, ಕಾಣುವಂತೆ ಹೊರಬಿದ್ದೆ.

ಡಾಕ್ಟರಬಾಯಿ ತೀರಿಕೊಂಡು ಬಹಳ ವರ್ಷವಾಯಿತು. ಕೊನೆಯ ಸಲ ಸಿಕ್ಕಿದ್ದು ವಾಡಿ ಸ್ಟೇಷನ್ನಿನಲ್ಲಿ. ಅವರು ಹೈದರಾಬಾದಿನ ಗಾಡಿ ಕಾಯುತ್ತ ಬೆಂಚಿನ ಮೇಲೆ ಕೂತಿದ್ದರು. ನಾನು ಮಾತಾಡಿಸಲು ಹೋದವಳು, ಗೊತ್ತಿಲ್ಲದೆಯೇ ಅವರ ಎಡಕ್ಕೆ, ತುಸು ಹಿಂದೆ ಸರಿದು ನಿಂತಿದ್ದೆ. ಉಸಿರನ್ನೂ ಹಿಡಿದಿದ್ದೆ.

ಅವರಿಗೆ ತಿಳಿಯಿತು. ನಗಲಿಲ್ಲ. ಹಿಂದಕ್ಕೆ ಕೈ ಚಾಚಿ ನನ್ನ ಮುಂಗೈ ಹಿಡಿದು ಎಳೆದರು.

"ಎದುರಿಗೆ ಬಾ ಬೇಟಿ. ನೀ ನಂಗ ಕಾಣಬೇಕು."

ಎದುರಿಗೆ ಹೋಗಿ ನಿಂತೆ.