ಕೊನೆಯ ಡಾಕ್ಟರ ಮೊದಲ ರೋಗಿ

ಉದ್ಘಾಟನೆಯ ದಿನ ಟೈಲರ್ ನಿದ್ದೆ ಹೋಗಬಾರದಿತ್ತು. ಆದರೆ ಊಟ ಮುಗಿದ ಹೊತ್ತು, ಪರೀಕ್ಷೆಯ ಮೇಜಿಗೆ ಹೊಸ ಮೆತ್ತೆ, ತಲೆಯ ಮೇಲೆ ಸದ್ದಿಲ್ಲದ ಫ್ಯಾನು, ಕುತ್ತಿಗೆಯವರೆಗೆ ಹೊದಿಸಿದ ಬಿಳಿ ಬಟ್ಟೆ. ಆ ಬಟ್ಟೆಗೆ ಅಂಚು ಹೊಲಿದವನೂ ಅವನೇ. ತಾನು ಹೊಲಿದದ್ದನ್ನು ತಾನೇ ಹೊದ್ದು ಮಲಗುವ ಭಾಗ್ಯ ಎಷ್ಟು ಜನ ಟೈಲರುಗಳಿಗೆ ಸಿಕ್ಕೀತು ಎಂದುಕೊಳ್ಳುತ್ತಿದ್ದಂತೆ ಕಣ್ಣು ಮುಚ್ಚಿಹೋಯಿತು.

ಅವನನ್ನು ಅಲ್ಲಿ ಮಲಗಿಸಿದವಳು ಅಕ್ಕ. ಅವಳ ಗಂಡ, ಅಂದರೆ ಟೈಲರನ ಭಾವ, ಅಂದು ತೆರೆದ ಸಮಗ್ರ ಸ್ವಾಸ್ಥ್ಯ ಕೇಂದ್ರದಲ್ಲಿ ತಪಾಸಣೆ ಹೇಗೆ ನಡೆಯುತ್ತದೆಂದು ಬಂದವರಿಗೆ ತೋರಿಸಬೇಕಿತ್ತು. ತೋರಿಸುವುದಕ್ಕೆ ಒಂದು ಮೈ ಬೇಕಿತ್ತು. ಕೆಳಗಿನ ಅಂಗಡಿಯಲ್ಲೇ ತಮ್ಮನಿದ್ದ. ಮನೆಯಲ್ಲೇ ನಿಂಬೆಹಣ್ಣಿರುವಾಗ ಸಂತೆಗೆ ಯಾಕೆ ಹೋಗಬೇಕು.

ಎಚ್ಚರವಾದಾಗ ಮಣಿಕಟ್ಟಿನ ಮೇಲೆ ತಣ್ಣಗಿನ ಬೆರಳುಗಳಿದ್ದವು. ಏರಿಳಿತವಿಲ್ಲದ ಒಂದು ದನಿ ಮೇಲಿಂದ ಇಳಿದುಬರುತ್ತಿತ್ತು. "ಮಧ್ಯವಯಸ್ಸಿನ ಗಂಡಸಿನ ದೇಹ. ಸಾಧಾರಣ ಎತ್ತರ. ಎಡ ಮೊಣಕೈ ಮೇಲೆ ಹಳೆಯ ಗಾಯದ ಗುರುತು. ಹೊರಗೆ ಕಾಣುವ ಹೊಸ ಪೆಟ್ಟುಗಳಿಲ್ಲ."

ಮೈಮೇಲೆ ಬಿಳಿ ಬಟ್ಟೆ ಇದ್ದು, ಯಾರೋ ತನ್ನನ್ನು 'ದೇಹ' ಎಂದು ಕರೆಯುತ್ತಿದ್ದರೆ ಮನುಷ್ಯ ಏನೆಂದುಕೊಳ್ಳಬೇಕೋ ಟೈಲರ್ ಅದನ್ನೇ ಅಂದುಕೊಂಡ. ಮೇಜಿನಿಂದ ಹಾರಿದವನು ಬಾಗಿಲು ದಾಟಿ, ಹಣ್ಣಿನ ರಸದ ಲೋಟ ಹಿಡಿದು ನಿಂತಿದ್ದ ಅತಿಥಿಗಳ ನಡುವೆ ಬಂದು ನಿಂತ. "ನಾನಿನ್ನೂ ಇದ್ದೀನಿ" ಎಂದ. ಅದನ್ನು ಹೇಳುವಾಗ ಎರಡು ಕೈಯನ್ನೂ ಎತ್ತಿದ್ದೇ ತಪ್ಪಾಯಿತು. ಬಟ್ಟೆ ಜಾರಿತು, ಹಿಂದೆಯೇ ಪ್ಯಾಂಟೂ ಜಾರಿತು. ಊರಿನ ಅರ್ಧ ಗಂಡಸರ ಸೊಂಟದ ಅಳತೆ ಬಾಯಿಪಾಠ ಇದ್ದವನ ಪ್ಯಾಂಟು, ಅದೇ ಗಂಡಸರ ಕಣ್ಣೆದುರಿಗೆ, ಅವನ ಪಾದದ ಮೇಲೆ ಮುದ್ದೆಯಾಗಿ ಕುಳಿತಿತ್ತು.

ಹಿಂದಿನಿಂದ ಬಂದ ಭಾವ ನೆಲದ ಬಟ್ಟೆ ಎತ್ತಿ ಅವನಿಗೆ ಹೊದಿಸಿದರು. ಮುಖ ಮುಚ್ಚಲು ಹೋದ ಕೈಯನ್ನು ಅಕ್ಕ ತಡೆದಳು. "ಮುಖ ಬೇಡ ರೀ" ಎಂದಳು ಮೆಲ್ಲಗೆ.

ಭಾವನನ್ನು ಊರಿನಲ್ಲಿ 'ಕೊನೇ ಡಾಕ್ಟ್ರು' ಎನ್ನುತ್ತಿದ್ದರು. ದೊಡ್ಡಾಸ್ಪತ್ರೆಯ ಶವಾಗಾರದಲ್ಲಿ ಮರಣೋತ್ತರ ಪರೀಕ್ಷೆ ಮಾಡುತ್ತಲೇ ಅವರ ತಲೆ ನರೆತಿತ್ತು. ಎಲ್ಲ ಡಾಕ್ಟರೂ ಕೈಚೆಲ್ಲಿದ ಮೇಲೆ ಇವರ ಸರದಿ. ಇವರ ಕೈಕೆಳಗೆ ಬಂದ ಒಬ್ಬನೂ ದೂರು ಹೇಳಿದವನಲ್ಲ, ಇನ್ನೊಬ್ಬ ಡಾಕ್ಟರ ಹತ್ತಿರ ಹೋದವನಲ್ಲ. ಮದುವೆ ಮನೆಯಲ್ಲಿ ಜನ ಅವರಿಗೆ ನಮಸ್ಕಾರ ಮಾಡುತ್ತಿದ್ದರು, ಕೈ ಕುಲುಕುತ್ತಿರಲಿಲ್ಲ.

ಅಂಥವರು ಬದುಕಿದ್ದವರ ಕಡೆ ತಿರುಗಿದ್ದು ಒಬ್ಬ ಕ್ಷೌರಿಕನಿಂದ. ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ ಆತ ಎಷ್ಟೋ ವರ್ಷ ಭಾವನ ಗಡ್ಡ ಹೆರೆದಿದ್ದ. ಈಚೀಚೆಗೆ ಕತ್ತಿ ಹಿಡಿದ ಕೈಯನ್ನು ನಡುನಡುವೆ ತಡೆದು ಎಡಭುಜ ಒತ್ತಿಕೊಳ್ಳುತ್ತಿದ್ದ. ಭಾವ ಅದನ್ನು ಕನ್ನಡಿಯಲ್ಲಿ ನೋಡುತ್ತಿದ್ದರು. ಮೂಗಿನ ಕೆಳಗೆ ಕತ್ತಿ ಇರುವಾಗ ಮಾತಾಡುವ ಅಭ್ಯಾಸ ಅವರಿಗಿರಲಿಲ್ಲ. ಕತ್ತಿ ಇಲ್ಲದಾಗಲೂ ಇರಲಿಲ್ಲ. ಒಂದು ಬೆಳಿಗ್ಗೆ ಶವಾಗಾರದ ಮೇಜಿನ ಮೇಲಿನ ಬಟ್ಟೆ ಸರಿಸಿದರೆ ಆತನೇ ಮಲಗಿದ್ದ. ಭಾವ ತಮ್ಮ ಕೆಲಸವನ್ನು ಪೂರ್ತಿ ಮಾಡಿ, ಕೈ ತೊಳೆದು, ಮನೆಗೆ ಬಂದು ಅಕ್ಕನಿಗೆ ಒಂದು ಮಾತು ಹೇಳಿದರಂತೆ. "ಒಂದು ಮಾತು ಕೇಳಿದ್ರೆ ಸಾಕಿತ್ತು."

ಆಮೇಲೆ ರಾಜೀನಾಮೆ. ಆಮೇಲೆ ದೂರದ ಊರಿನಲ್ಲಿ, ಮಕ್ಕಳ ವಯಸ್ಸಿನ ಡಾಕ್ಟರುಗಳ ಜೊತೆ ಬೆಂಚಿನ ಮೇಲೆ ಕುಳಿತು ಹೊಸ ಪಾಠ. ಕಾಯಿಲೆ ಬಂದ ಮೇಲೆ ಅದರ ಬಾಲ ಹಿಡಿಯುವುದಲ್ಲ, ಬರುವ ದಾರಿಯಲ್ಲೇ ಅಡ್ಡ ನಿಲ್ಲುವುದು. ಒಂದೊಂದು ಅಂಗವನ್ನು ಬಿಡಿಬಿಡಿಯಾಗಿ ನೋಡುವುದಲ್ಲ. ಮನುಷ್ಯ ಏನು ತಿನ್ನುತ್ತಾನೆ, ಎಷ್ಟು ನಿದ್ದೆ ಮಾಡುತ್ತಾನೆ, ಎಷ್ಟು ನಡೆಯುತ್ತಾನೆ, ಯಾವುದಕ್ಕೆ ಕೊರಗುತ್ತಾನೆ, ಎಲ್ಲವನ್ನೂ ಕೂಡಿಸಿ ನೋಡುವುದು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಕೆಲಸವನ್ನು ಅಷ್ಟು ವರ್ಷ ಮಾಡಿದವರು ಮೊದಲ ಬಾರಿಗೆ ಬಾಗಿಲ ಬಳಿ ಕೂರಲು ಹೊರಟಿದ್ದರು.

ಜಾಗ ಸಿಕ್ಕಿದ್ದು ಟೈಲರನ ಅಂಗಡಿಯ ಮೇಲಿನ ಮಹಡಿಯಲ್ಲಿ. ಮೊದಲು ಅದು ಫೋಟೋ ಸ್ಟುಡಿಯೋ. ಒಂದು ಗೋಡೆಯ ಮೇಲೆ ಜಲಪಾತದ ಚಿತ್ರ ಹಾಗೇ ಉಳಿದಿತ್ತು. ಅದನ್ನು ಅಳಿಸುವುದು ಬೇಡ, ನೋಡಿದವರ ರಕ್ತದೊತ್ತಡ ಇಳಿಯುತ್ತದೆ ಎಂದರು ಭಾವ. ನೋಡುವುದಕ್ಕೆ ಮಾತ್ರ ಯಾರೂ ಬರಲಿಲ್ಲ. ಮೇಲೆ ಬದುಕಿದ್ದವರಿಗೇ ಪೋಸ್ಟ್‌ಮಾರ್ಟಂ ಮಾಡುತ್ತಾರೆಂದು ಉದ್ಘಾಟನೆಯ ಸಂಜೆಯೇ ಊರೆಲ್ಲ ಸುದ್ದಿಯಾಗಿತ್ತು.

ಧೈರ್ಯ ಮಾಡಿ ಬಂದವರು ನಿವೃತ್ತ ಹೆಡ್‌ಮಿಸ್ಟ್ರೆಸ್ ಒಬ್ಬರೇ. ಭಾವ ಅವರನ್ನು ಮಲಗಿಸಿ ನಾಡಿ ಹಿಡಿದು, "ಸುಮಾರು ಅರವತ್ತೈದು ವಯಸ್ಸಿನ ಹೆಂಗಸಿನ ದೇಹ" ಎಂದು ಶುರುಮಾಡಿದರು.

"ಅರವತ್ತೊಂದು" ಎಂದರು ಹೆಡ್‌ಮಿಸ್ಟ್ರೆಸ್ ಮಲಗಿದಲ್ಲಿಂದಲೇ. "ಮತ್ತೆ ದೇಹ ಅಂತ ಬರ್ಕೋಬೇಡಿ ಡಾಕ್ಟ್ರೇ. ನಾನು ಒಳಗೇ ಇದ್ದೀನಿ."

ಆ ಸಂಜೆ ಅಕ್ಕ ಮೆಟ್ಟಿಲಿಳಿದು ಅಂಗಡಿಗೆ ಬಂದಳು. ಟೈಲರ್ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದ.

"ನೋಡೋ, ನಿಮ್ಮ ಭಾವನಿಗೆ ಕೇಳೋಕೇ ಬರಲ್ಲ. ನಲವತ್ತು ಪ್ರಶ್ನೆ ಬಾಯಿಪಾಠ ಮಾಡ್ಕೊಂಡು ಬಂದಿದ್ದಾರೆ. ಮನುಷ್ಯರ ಮುಖ ಕಂಡ ತಕ್ಷಣ ನಾಲಿಗೆ ಒಳಗೆ ಹೋಗುತ್ತೆ. ದಿನಾ ಅಂಗಡಿ ಮುಚ್ಚೋ ಮುಂಚೆ ಒಂದು ಗಳಿಗೆ ಮೇಲೆ ಬಾ. ಅವರು ಕೇಳ್ಲಿ, ನೀನು ಉತ್ತರ ಹೇಳು. ಅಭ್ಯಾಸ ಆಗ್ಲಿ."

"ನನ್ನ ಮೇಲೇನಾ ಅಭ್ಯಾಸ? ನಾನು ಕಲಿಯೋವಾಗ ಹಳೇ ಬೆಡ್‌ಶೀಟ್ ಮೇಲೆ ಕತ್ತರಿ ಆಡಿಸಿದ್ದೆ."

"ಅದಕ್ಕೇ ನಿನ್ನ ಕರೀತಿರೋದು."

ಟೈಲರ್ ನಕ್ಕ. ಆದರೆ ಅವನಿಗೆ ಮೇಲೆ ಹೋಗಲು ಇಷ್ಟವಿರಲಿಲ್ಲ. ಇಷ್ಟವಿಲ್ಲದ್ದಕ್ಕೆ ಕಾರಣ ಪ್ಯಾಂಟು ಜಾರಿದ ನಾಚಿಕೆಯೂ ಅಲ್ಲ. ಪ್ಯಾಂಟು ಯಾಕೆ ಜಾರಿತೆಂಬುದು ಅವನೊಬ್ಬನಿಗೇ ಗೊತ್ತಿತ್ತು. ಆ ವರ್ಷ ಅವನು ತನ್ನ ಪ್ಯಾಂಟುಗಳ ಸೊಂಟವನ್ನು ಎರಡೆರಡು ಸಲ ಬಿಚ್ಚಿ ಒಳಗೆ ಹಿಡಿದಿದ್ದ. ಕೇಳಿದವರಿಗೆ "ಬೆಳಿಗ್ಗೆ ನಡೀತೀನಿ" ಎನ್ನುತ್ತಿದ್ದ. ನಡೆಯುತ್ತಿದ್ದದ್ದು ರಾತ್ರಿ, ಮಂಚದಿಂದ ಬಚ್ಚಲಿಗೆ, ಬಚ್ಚಲಿನಿಂದ ನೀರಿನ ಕೊಡಕ್ಕೆ.

ಅದು ಏನೆಂದು ಅವನಿಗೆ ಯಾರೂ ಹೇಳಬೇಕಿರಲಿಲ್ಲ. ಅವನ ಅಪ್ಪನೂ ಟೈಲರ್. ಅಪ್ಪನ ಕಾಲಿನ ಹೆಬ್ಬೆರಳಲ್ಲಿ ಶುರುವಾದ ಒಂದು ಚಿಕ್ಕ ಹುಣ್ಣು ಮೊದಲು ಬೆರಳು, ಆಮೇಲೆ ಪಾದ, ಆಮೇಲೆ ಮೊಣಕಾಲಿನವರೆಗೆ ತಿಂದುಹಾಕಿತ್ತು. ಕಾಲಿಲ್ಲದ ಅಪ್ಪ ಹೊಲಿಗೆ ಯಂತ್ರದ ಮುಂದೆ ಕುಳಿತು ಬಟ್ಟೆ ಹಿಡಿಯುವುದು, ಪಕ್ಕದಲ್ಲಿ ಕುಳಿತ ಅಮ್ಮ ಕಾಲಿನಿಂದ ತುಳಿಯುವುದು. ಇಬ್ಬರ ಲಯ ಒಂದು ದಿನವೂ ಕೂಡಲಿಲ್ಲ. ಹೊಲಿಗೆ ಸೊಟ್ಟಗಾಗುತ್ತಿತ್ತು. ಅಪ್ಪ ಬಿಚ್ಚುತ್ತಿದ್ದ, ಮತ್ತೆ ಹೊಲಿಯುತ್ತಿದ್ದ. ಆ ಮನೆಯಲ್ಲಿ ಶುಗರ್ ಎಂಬ ಮಾತನ್ನು ಯಾರೂ ಆಡುತ್ತಿರಲಿಲ್ಲ. ಹೆಸರು ಹಿಡಿದು ಕರೆದರೆ ಬಂದುಬಿಡುತ್ತದೆ ಎಂಬ ಭಯ. ಟೈಲರನ ಲೆಕ್ಕವೂ ಅಷ್ಟೇ: ಪರೀಕ್ಷೆ ಮಾಡಿಸದಿದ್ದರೆ ಕಾಯಿಲೆಯಿಲ್ಲ, ಕಾಯಿಲೆಯಿಲ್ಲದಿದ್ದರೆ ಕಾಲು ಇರುತ್ತದೆ, ಕಾಲಿದ್ದರೆ ಯಂತ್ರ ಓಡುತ್ತದೆ.

ಆದರೂ ಅಕ್ಕನ ಮಾತು ಮೀರುವುದುಂಟೇ. ಮೇಲೆ ಹೋದ.

"ನಿದ್ದೆ ಹೇಗಿದೆ?" ಭಾವ ಜಲಪಾತವನ್ನು ನೋಡುತ್ತ ಕೇಳಿದರು.

"ಇವನ ಮುಖ ನೋಡಿ ಕೇಳಿ ರೀ" ಎಂದಳು ಬಾಗಿಲಲ್ಲಿ ಕುಳಿತ ಅಕ್ಕ.

"ನಿದ್ದೆ ಹೇಗಿದೆ?"

"ಕುಂಭಕರ್ಣನ ತಮ್ಮ ನಾನು, ಭಾವ."

"ಬಾಯಾರಿಕೆ?"

"ಎಲ್ಲರ ಹಾಗೆ."

"ರಾತ್ರಿ ಎದ್ದೇಳ್ತೀಯಾ?"

"ಮನೆಗೆ ಕಳ್ಳ ಬಂದ್ರೂ ಏಳಲ್ಲ."

ಭಾವ ತಲೆಯಾಡಿಸಿದರು. ಎಲ್ಲವನ್ನೂ ನಂಬಿದರು. ಅದನ್ನು ಕಂಡು ಟೈಲರನಿಗೆ ಮೊದಮೊದಲು ನಗು ಬಂತು, ಬರುಬರುತ್ತ ಸಂಕಟವಾಯಿತು. ಬಿಲ್ ಕೇಳಿದಾಗ ನಾಳೆ ಎನ್ನುವ ಗಿರಾಕಿ, ಹೊಟ್ಟೆ ಒಳಗೆಳೆದುಕೊಂಡು ಅಳತೆ ಕೊಡುವ ಗಿರಾಕಿ, ಇವರ ನಡುವೆ ಬೆಳೆದವನು ಅವನು. ಭಾವ ಬೆಳೆದದ್ದು ಸುಳ್ಳೇ ಹೇಳಲಾರದವರ ನಡುವೆ. ಅವರ ಮುಂದೆ ಸುಳ್ಳು ಹೇಳುವುದು ಕುರುಡನ ಜೋಳಿಗೆಗೆ ಕಲ್ಲು ಹಾಕಿದಂತಾಗುತ್ತಿತ್ತು. ಹಾಗಂತ ನಿಲ್ಲಿಸಲಿಲ್ಲ. ಪ್ರತಿ ಸಂಜೆ ಹೋದ, ಪ್ರತಿ ಸಂಜೆ ಹೇಳಿದ. ಭಾವನ ಪ್ರಶ್ನೆಗಳು ದಿನದಿಂದ ದಿನಕ್ಕೆ ಸುಧಾರಿಸಿದವು. ಅವನ ಸುಳ್ಳುಗಳೂ ಸುಧಾರಿಸಿದವು.

ಹೀಗೇ ಒಂದು ಸಂಜೆ ಪ್ರಶ್ನೆಗಳೆಲ್ಲ ಮುಗಿದಿದ್ದವು. ಅಕ್ಕ ಕೆಳಗಿನ ಅಂಗಡಿ ನೋಡಿಕೊಳ್ಳಲು ಇಳಿದಿದ್ದಳು. ಟೈಲರ್ ಮೇಜಿನ ಮೇಲೆ ಮಲಗಿ ಫ್ಯಾನು ನೋಡುತ್ತಿದ್ದ. ಮುಂದೆ ಏನು ಕೇಳಬೇಕೆಂದು ತೋಚದ ಭಾವ, ಕೈಗಳು ಸುಮ್ಮನಿರಲಾರದೆ, ತಮ್ಮ ಹಳೆಯ ಅಭ್ಯಾಸಕ್ಕೆ ಹೋದರು. ಶವಾಗಾರದಲ್ಲಿ ಮೊದಲು ನೋಡುವುದು ಪಾದವನ್ನು; ಗುರುತಿನ ಚೀಟಿ ಕಟ್ಟಿರುವುದು ಹೆಬ್ಬೆರಳಿಗೆ. ಅವರು ಕಾಲ ಬಳಿ ಹೋಗಿ ನಿಂತರು. ದೀಪವನ್ನು ಬಗ್ಗಿಸಿಕೊಂಡದ್ದು ಗೊತ್ತಾಯಿತು. ಸ್ವಲ್ಪ ಹೊತ್ತಿನ ಮೇಲೆ ಸ್ಟೀಲಿನ ತಟ್ಟೆಯ ಮೇಲೆ ಏನೋ ಟಿಣ್ ಎಂದು ಬಿತ್ತು.

"ಇದು ಯಾವಾಗಿಂದ ಇದೆ?"

"ಯಾವುದು ಭಾವ?"

ಭಾವ ತಟ್ಟೆಯನ್ನು ಅವನ ಮುಖದ ಬಳಿ ತಂದರು. ನೀಲಿ ತಲೆಯ ಗುಂಡುಸೂಜಿ. ಅವನದೇ ಅಂಗಡಿಯದು. ಬಟ್ಟೆ ಕತ್ತರಿಸುವಾಗ ಚುಚ್ಚಿ ಹಿಡಿಯುವ ಸೂಜಿ, ದಿನವೂ ನೆಲಕ್ಕೆ ನಾಲ್ಕಾರು ಬೀಳುತ್ತವೆ. ಅಂಗಾಲಿನಲ್ಲಿ ತಲೆಯವರೆಗೂ ಒಳಗಿಳಿದಿತ್ತು. ಸುತ್ತ ರಕ್ತ ಒಣಗಿತ್ತು.

ಟೈಲರ್ ಒಂದು ನಗೆಚಟಾಕಿ ಹುಡುಕಿದ. ಸಾಮಾನ್ಯವಾಗಿ ಅವನಿಗೆ ಅವು ಬಾಯಿಗೆ ತಾನಾಗೇ ಬರುತ್ತವೆ. ಅಂದು ಬರಲಿಲ್ಲ.

"ನೋವಾಗ್ಲಿಲ್ವಾ?" ಎಂದರು ಭಾವ. ಅದು ಬಾಯಿಪಾಠ ಮಾಡಿದ ನಲವತ್ತರಲ್ಲಿ ಇರದ ಪ್ರಶ್ನೆ. ಅವರು ಅವನ ಮುಖವನ್ನೇ ನೋಡುತ್ತಿದ್ದರು.

"ಇಲ್ಲ."

"ಎಷ್ಟು ದಿನದಿಂದ ಕಾಲು ಹೀಗಿದೆ?"

ಟೈಲರ್ ಫ್ಯಾನನ್ನೇ ನೋಡುತ್ತ ಹೇಳತೊಡಗಿದ. ಬಿಚ್ಚಿ ಹಿಡಿದ ಪ್ಯಾಂಟುಗಳು, ರಾತ್ರಿಯ ನೀರು, ಹತ್ತಿಯ ಮೇಲೆ ನಡೆದಂತಾಗುವ ಪಾದ, ಅಮ್ಮ ತುಳಿಯುತ್ತಿದ್ದ ಯಂತ್ರ. ಭಾವ ಸ್ಟೂಲು ಎಳೆದುಕೊಂಡು ಕೂತು, ಅವನ ಪಾದವನ್ನು ತಮ್ಮ ತೊಡೆಯ ಮೇಲೆ ಇರಿಸಿಕೊಂಡು ಗಾಯ ತೊಳೆಯುತ್ತಿದ್ದರು. ತಣ್ಣಗಿದ್ದ ಆ ಬೆರಳುಗಳು ಎಷ್ಟು ಹಗುರವೆಂದು ಟೈಲರನಿಗೆ ಗೊತ್ತಾಗಲಿಲ್ಲ. ಆ ಜಾಗದಲ್ಲಿ ಅವನಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಕಣ್ಣಿಂದ ನೋಡಿ ತಿಳಿದುಕೊಂಡ.

"ಅಪ್ಪನ ಹಾಗೆ ಹೋಗುತ್ತಾ ಭಾವ, ಕಾಲು?"

ಭಾವ ಪಾದದಿಂದ ಕೈ ತೆಗೆಯದೆ ಉತ್ತರ ಕೊಟ್ಟರು. ಇಷ್ಟು ವರ್ಷದ ಡಾಕ್ಟರಿಕೆಯಲ್ಲಿ ಯಾರಿಗೂ ಹೇಳುವ ಅವಕಾಶ ಸಿಗದ ಒಂದು ಮಾತು ಅದು.

"ಉಳಿಸ್ಕೋಬಹುದು. ಇನ್ನೂ ಟೈಮಿದೆ."

ರಕ್ತದ ಪರೀಕ್ಷೆ ಆ ಸಂಜೆಯೇ ಆಯಿತು, ಶುಗರ್ ಇರುವುದು ಖಚಿತವಾಯಿತು. ಅಕ್ಕ ಮೇಲೆ ಬಂದವಳು ವಿಷಯ ತಿಳಿದು ಮೊದಲು ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. "ಅಪ್ಪನೂ ಹೀಗೇ ಮುಚ್ಚಿಟ್ಟ, ನೀನೂ ಹಾಗೇ ಮುಚ್ಚಿಟ್ಟೆ. ನಿನ್ನ ಹೆಂಡ್ತಿಗೆ ನಾನು ಏನು ಹೇಳ್ಲೋ" ಎಂದು ಆಮೇಲೆ ಅತ್ತಳು. ಹೇಳುವ ಕಷ್ಟ ಅವಳಿಗೆ ಬರಲಿಲ್ಲ. ಟೈಲರ್ ತಾನೇ ಮನೆಗೆ ಹೋಗಿ ಹೇಳಿದ. ಹೆಂಡತಿ ಮಂಚದ ಪಕ್ಕದ ನೀರಿನ ಕೊಡವನ್ನು ತೋರಿಸಿದಳು. ಅದನ್ನು ದಿನವೂ ತುಂಬಿಡುತ್ತಿದ್ದವಳು ಅವಳೇ. ಅವಳಿಗೂ ಕೇಳಲು ಭಯವಿತ್ತು.

ಮುಂದಿನದೆಲ್ಲ ಕಥೆಯಾಗುವಂಥದ್ದಲ್ಲ, ದಿನಚರಿ. ಮಾತ್ರೆ ಬೇಕಾದ್ದಕ್ಕೆ ಮಾತ್ರೆ. ಊಟದ ತಟ್ಟೆಯಲ್ಲಿ ಅನ್ನ ಒಂದು ಮೂಲೆಗೆ ಸರಿದು ಸೊಪ್ಪು, ಕಾಳು ನಡುಮನೆಗೆ ಬಂದವು. ಅಂಗಡಿಯಲ್ಲಿ ಬರಿಗಾಲು ನಿಷೇಧ. ಮಲಗುವ ಮುಂಚೆ ಕನ್ನಡಿ ಹಿಡಿದು ಎರಡೂ ಪಾದ ನೋಡಿಕೊಳ್ಳಬೇಕು. ಮುಖ ನೋಡಿಕೊಳ್ಳುವುದನ್ನು ಬಿಟ್ಟು ಎಷ್ಟೋ ವರ್ಷವಾಗಿದ್ದವನಿಗೆ ಇದೊಂದು ಹೊಸ ಶೋಕಿ. ನಡಿಗೆಯೂ ನಿಜವಾಯಿತು. ಸೂಜಿಯ ಗಾಯ ನಿಧಾನವಾಗಿ, ಮನಸ್ಸಿಲ್ಲದ ಮನಸ್ಸಿನಿಂದ ಮುಚ್ಚಿಕೊಂಡಿತು.

ಅಳತೆ ಕೊಡಲು ಬಂದ ಗಿರಾಕಿಗಳ ಸೊಂಟಕ್ಕೆ ಟೇಪು ಸುತ್ತಿದಾಗ ಟೈಲರ್ ಈಗ ಸುಮ್ಮನಿರುತ್ತಿರಲಿಲ್ಲ. ಹಿಗ್ಗಿದವನಿಗೂ ಕುಗ್ಗಿದವನಿಗೂ ತನ್ನ ಸೂಜಿಯ ಕಥೆ ಹೇಳಿ, ಕೊನೆಗೆ "ಒಂದ್ಸಲ ಮೇಲೆ ಹೋಗಿ ಬನ್ನಿ" ಎನ್ನುತ್ತಿದ್ದ. ಮೊದಲು ಬೆಚ್ಚಿದರು, ಆಮೇಲೆ ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿದರು. ಭಾವ ಕೇಳುವುದನ್ನು ಕಲಿತಿದ್ದರು. ಒಂದು ಗಂಟೆ ಕೂರಿಸಿ ಕೇಳುತ್ತಾರೆ, ಹೆಂಡತಿ ಕೇಳದ್ದನ್ನೂ ಕೇಳುತ್ತಾರೆ ಎಂದು ಹೆಡ್‌ಮಿಸ್ಟ್ರೆಸ್ ಊರಿಗೆಲ್ಲ ಹೇಳಿಕೊಂಡು ಬಂದರು.

ಬೆಳಗಿನ ನಡಿಗೆಗೆ ಭಾವ ಅವನ ಜೊತೆಯಾದರು. ಇಬ್ಬರೂ ಅಂಗಡಿ ಬೀದಿಯ ಉದ್ದಕ್ಕೂ ಹೋಗಿ ಮರಳುತ್ತಿದ್ದರು. ಒಂದು ಬೆಳಿಗ್ಗೆ, ಬಾಗಿಲು ತೆರೆಯದ ಅಂಗಡಿಗಳ ಮುಂದೆ ನಡೆಯುತ್ತಿರುವಾಗ, ಟೈಲರ್ ನಿಂತ. ಇಷ್ಟು ತಿಂಗಳೂ ಬೇರೆಲ್ಲ ಪ್ರಶ್ನೆಗಳ ಹಿಂದೆ ನಿಂತಿದ್ದ ಪ್ರಶ್ನೆ ಕೊನೆಗೂ ಹೊರಬಂತು.

"ಭಾವ, ನನ್ನ ಹತ್ರ ಮುಚ್ಚುಮರೆ ಬೇಡ. ನನ್ನಂಥವರನ್ನ ಎಷ್ಟೋ ಜನರನ್ನ ಒಳಗೂ ಹೊರಗೂ ನೋಡಿದ್ದೀರಿ. ನಿಜ ಹೇಳಿ, ನಾನು ಇನ್ನೆಷ್ಟು ವರ್ಷ ಬದುಕಿರ್ತೀನಿ?"

ಭಾವ ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ಸಾವಧಾನವಾಗಿ ನೋಡಿದರು.

"ಗೊತ್ತಿಲ್ಲಪ್ಪ. ಇಷ್ಟು ದಿನ ಎಲ್ಲರೂ ನನ್ನನ್ನ ಕೇಳ್ತಿದ್ದದ್ದು ಆಸಾಮಿ ಸತ್ತ ಮೇಲೇ."